ಮಿಶನರಿಗಳ ಗೃಹಸ್ಥಾಶ್ರಮವು

ಹೊಸಗನ್ನಡ ಗದ್ಯದ ಚರಿತ್ರೆಯನ್ನು ವಿಚಾರಮಾಡತಕ್ಕವರಿಗೆ ಬಾಸೆಲ್ ಮಿಶನಿನ ಪಾದ್ರಿಗಳ ಹೆಸರುಗಳು ಅಪರಿಚಿತವಾದುವಲ್ಲ. ಹೆರ್ಮನ್ ಮೋಗ್ಲಿಂಗರು 1843ನೆಯ ಇಸವಿಯ ಜುಲೈ 1ರಂದು ಮಂಗಳೂರಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲನೆಯ ವೃತ್ತಪತ್ರಿಕೆಯೆಂಬುದೂ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಅವರ ಮಾಲೆಯಲ್ಲಿಯೇ ಕಲ್ಲಚ್ಚಿನಲ್ಲಿ ಬೆಳಕು ಕಂಡುವೆಂಬುದೂ, ಫರ್ಡಿನಾಂಡ್ ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾಯಿತೆಂಬುದೂ ವಿದಿತವಾದ ಸಂಗತಿಗಳೇ. ಶ್ರೀನಿವಾಸ ಹಾವನೂರರು 1974ರಲ್ಲಿ ಪ್ರಕಟಿಸಿದ ‘ಹೊಸಗನ್ನಡದ ಅರುಣೋದಯ’ದಲ್ಲಿ ಈ ಪಾದ್ರಿಗಳ ಅಕ್ಷರಸೇವೆಗೆ ಸಲ್ಲತಕ್ಕ ಸ್ಥಾನವು ಸಂದಿದೆ. ಅವರ ಮತಪ್ರಚಾರವನ್ನು ಖಂಡಿಸಿ ಬರೆದವರೂ ಇದ್ದಾರೆ, ಅವರ ವಾಕ್ಯರಚನೆಯ ತೊಡಕನ್ನು ಕಂಡು ನಕ್ಕವರೂ ಇದ್ದಾರೆ. ಆದರೆ ಈ ಎಲ್ಲ ವಿಮರ್ಶೆಗಳಲ್ಲಿಯೂ ಹೆಚ್ಚಾಗಿ ಹೊರಗುಳಿದಿರುವ ಸಂಗತಿಯೊಂದುಂಟು. ಈ ಪಾದ್ರಿಗಳಲ್ಲಿ ಬಹುಮಂದಿ ಸಂಸಾರಿಗಳಾಗಿದ್ದರು. ಅವರಿಗೆ ಹೆಂಡಿರಿದ್ದರು, ಮಕ್ಕಳಿದ್ದರು, ಒಲೆಯಿದ್ದಿತು, ತೊಟ್ಟಿಲಿದ್ದಿತು. ಅವರ ಬರಹವನ್ನು ಈ ಮನೆಯ ಕಡೆಯಿಂದ ನೋಡಿದರೆ ಏನು ಕಾಣಿಸುತ್ತದೆಂಬುದು ಪ್ರಕೃತ ಲೇಖನದ ವಿಷಯವು.

ಕಾರವಾರ ಅಂಕೋಲೆಗಳ ಕಡೆಯ ನಮಗೆ ಈ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಈ ಕರಾವಳಿಯಲ್ಲಿ ಪಾದ್ರಿಯೆಂದರೆ ಮೊದಲಿನಿಂದಲೂ ಗೋವೆಯ ಕಡೆಯಿಂದ ಬಂದ, ಮದುವೆಯಿಲ್ಲದ ಗುರುವು. 1681ರಿಂದ 1684ರವರೆಗೆ ಕನ್ನಡ ಕರಾವಳಿಯಲ್ಲಿ ಸಂಚರಿಸಿದ ಜೋಸೆಫ್ ವಾಜರಂಥವರನ್ನು ನಮ್ಮ ಜನರು ಅರ್ಥಮಾಡಿಕೊಳ್ಳುವುದಕ್ಕೆ ಕಷ್ಟಪಟ್ಟಿರಲಾರರು. ಮತವು ಬೇರೆಯಾದರೂ ಆಶ್ರಮವು ಪರಿಚಿತವಾದುದು. ಮನೆಬಿಟ್ಟು, ಊರುಬಿಟ್ಟು, ದಂಡಕಮಂಡಲುಗಳನ್ನು ಹಿಡಿದು ಹೋಗುವವನು ಧರ್ಮವನ್ನು ಬೋಧಿಸುವುದು ನಮ್ಮಲ್ಲಿಯೂ ಹಳೆಯ ಪದ್ಧತಿಯೇ. ಮನೆಯಲ್ಲಿದ್ದುಕೊಂಡು ಪೌರೋಹಿತ್ಯ ಮಾಡುವ ಗೃಹಸ್ಥನೂ ನಮಗೆ ಪರಿಚಿತನು. ಆದರೆ ಅವನು ಹೆಂಡತಿಮಕ್ಕಳನ್ನು ಕಟ್ಟಿಕೊಂಡು ಸಮುದ್ರವನ್ನು ದಾಟಿ ಮತಾಂತರದವರಿಗೆ ಉಪದೇಶಿಸಲು ಹೋಗುವುದಿಲ್ಲ. ಬಾಸೆಲಿನವರು ಈ ಎರಡು ಬಗೆಗಳನ್ನೂ ಒಂದೇ ಹೆಗಲಮೇಲೆ ಹೊರಿಸಿದರು. ಪರಿವ್ರಾಜಕನ ಕೆಲಸ, ಗೃಹಸ್ಥನ ಮನೆ. ಈ ಎರಡರ ಘರ್ಷಣೆಯಿಂದ ಹುಟ್ಟಿದ ದುಃಖವೇ ಅವರ ಬದುಕಿನ ಮುಖ್ಯ ವಸ್ತುವೆಂದೂ, ಅವರು ಕನ್ನಡದಲ್ಲಿ ಬರೆದುದರಲ್ಲಿ ಆ ವಸ್ತುವಿಗೇ ಎಡೆ ದೊರೆಯಲಿಲ್ಲವೆಂದೂ ನಮ್ಮ ಅಭಿಪ್ರಾಯವು.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವೆವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಸಂಸ್ಥೆಯು ಸ್ಥಾಪಿತವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಸನದನ್ನು 1833ರಲ್ಲಿ ಹೊಸದು ಮಾಡಿದಾಗ ಇಂಗ್ಲಿಷರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಆಗ ಕಾರವಾರವೂ ಅಂಕೋಲೆಯೂ ಮಂಗಳೂರೂ ಮದರಾಸು ಸರಕಾರದ ಕೈಕೆಳಗಿನ ಒಂದೇ ಕೆನರಾ ಜಿಲ್ಲೆಗೆ ಸೇರಿದ್ದುವು. ಉತ್ತರ ಕೆನರಾ ಮುಂಬಯಿ ಇಲಾಖೆಗೆ ಹೋದುದು 1862ರಲ್ಲಿ, ಕಾರವಾರಕ್ಕೆ ಜಿಲ್ಲೆಯ ಮುಖ್ಯಸ್ಥಾನದ ಪದವಿ ಬಂದುದೂ ಆ ಬದಲಾವಣೆಯಿಂದಲೇ. ಮಿಶನಿನ ದೊಡ್ಡ ಮನೆಗಳು ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗು ಈ ಕಡೆಗಳಲ್ಲಿದ್ದುವು. ಮುಂಬಯಿಯಲ್ಲಿ ಹಡಗಿಳಿದು ಕರಾವಳಿಯ ನಾವೆಗಳಲ್ಲಿ ದಕ್ಷಿಣಕ್ಕೆ ಹೊರಟವರಿಗೆ ಕಾಳಿ ನದಿಯ ಅಳಿವೆಯೂ, ಸದಾಶಿವಗಡದ ಗುಡ್ಡವೂ, ಗಂಗಾವಳಿಯ ಮುಖವೂ ದಾರಿಯಲ್ಲಿ ಸಿಕ್ಕುವ ನೋಟಗಳು. ಮಳೆಗಾಲದಲ್ಲಿ ಆ ದಾರಿಯು ಮುಚ್ಚಿಹೋಗುತ್ತಿದ್ದಿತು.

ಆ ನಾವೆಗಳಲ್ಲಿ ಬರುತ್ತಿದ್ದವರಲ್ಲಿ ಮದುಮಗಳಂದಿರೂ ಇದ್ದರು. ಬಾಸೆಲಿನ ಆಡಳಿತ ಸಮಿತಿಯ ಕಟ್ಟಳೆಯಂತೆ ಮಿಶನರಿಯು ಅವಿವಾಹಿತನಾಗಿಯೇ ಹೊರಡತಕ್ಕದ್ದು. ಕೆಲವು ವರ್ಷಗಳ ಸೇವೆಯಾದ ತರುವಾಯ ಸಮಿತಿಯ ಅನುಜ್ಞೆಯನ್ನು ಬೇಡಿ ಮದುವೆಯಾಗತಕ್ಕದ್ದು. ಹುಡುಗಿಯನ್ನು ಊರಿನಲ್ಲಿ ಬಂಧುಗಳೋ ಸಂಸ್ಥೆಯವರೋ ಹುಡುಕುತ್ತಿದ್ದರು, ಸಮಿತಿಯು ಒಪ್ಪುತ್ತಿದ್ದಿತು, ಆಕೆ ಹಡಗು ಹತ್ತುತ್ತಿದ್ದಳು. ಎಷ್ಟೋ ಮಂದಿ ವಧುಗಳು ವರನ ಮುಖವನ್ನು ಮೊದಲು ಕಂಡುದು ಬಂದರಿನಲ್ಲಿ; ಕೆಲವು ದಿನಗಳಲ್ಲಿಯೇ ವಿವಾಹವು. ಯುರೋಪಿನ ಇಂದಿನ ಲೇಖಕರು ಇದನ್ನು ಬಹಳ ಆಶ್ಚರ್ಯದಿಂದ ವರ್ಣಿಸುತ್ತಾರೆ. ವರನ ಮುಖವನ್ನು ಅಂತಃಪಟ ಸರಿದಮೇಲೆಯೇ ಕಂಡ ಅಜ್ಜಿಯಂದಿರ ಮೊಮ್ಮಕ್ಕಳಾದ ನಮಗೆ ಇದರಲ್ಲಿ ಅಷ್ಟೊಂದು ಆಶ್ಚರ್ಯವು ತೋರಲಾರದು. ಭೇದವಿರುವುದು ಬೇರೆ ಕಡೆಯಲ್ಲಿ. ನಮ್ಮ ಹೆಣ್ಣಿಗೆ ಆಷಾಢದಲ್ಲಿ, ಚೊಚ್ಚಲ ಬಸಿರಿನಲ್ಲಿ, ಹಬ್ಬದಲ್ಲಿ ತವರುಮನೆಯ ದಾರಿಯಿದ್ದಿತು. ಆ ಹೆಣ್ಣಿಗೆ ತವರೆಂಬುದು ತಿಂಗಳುಗಟ್ಟಲೆ ಕಾದರೆ ಬರುವ ಒಂದು ಕಾಗದವಾಗಿದ್ದಿತು.

ಆಕೆಯ ದಿನವು ಹೇಗೆ ಸಾಗುತ್ತಿದ್ದಿತು? ಬೆಳಗಿನಲ್ಲಿ ಮನೆಯವರನ್ನೂ ಆಳುಗಳನ್ನೂ ಸೇರಿಸಿ ಪ್ರಾರ್ಥನೆ. ಆಮೇಲೆ ಗಂಡನು ಮುನ್ಶಿಯೊಡನೆ ಭಾಷೆಯ ಪಾಠಕ್ಕೋ, ಶಾಲೆಗೋ, ಸಂತೆಯ ಬೋಧನೆಗೋ ಹೋಗುವನು. ಮಳೆ ನಿಂತ ತಿಂಗಳುಗಳಲ್ಲಿ ಊರೂರು ತಿರುಗಿ ವಾರಗಟ್ಟಲೆ ಮನೆಗೆ ಬಾರನು. ಹೆಂಡತಿಗೆ ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ಪಾಠ, ಅನಾಥ ಬಾಲಿಕೆಯರ ಊಟ ಬಟ್ಟೆ, ಜ್ವರ ಬಂದವರ ಶುಶ್ರೂಷೆ, ತನ್ನದೇ ಕೈಗೂಸು. ತಲಚೇರಿಯಲ್ಲಿ ಹೆರ್ಮನ್ ಗುಂಡರ್ಟರ ಪತ್ನಿ ಯೂಲಿ ದ್ಯುಬ್ವಾ ಎಂಬಾಕೆಯು ಹೆಣ್ಣುಮಕ್ಕಳಿಗೆ ಓದುಬರಹವನ್ನು ಕಲಿಸಿದುದು ಕೇರಳದ ಶಿಕ್ಷಣದ ಚರಿತ್ರೆಯಲ್ಲಿ ನೆಲೆನಿಂತ ಸಂಗತಿ. ಇಷ್ಟೆಲ್ಲ ಕೆಲಸಕ್ಕೂ ಆಕೆಗೆ ಮಿಶನರಿಯೆಂಬ ಪದವಿಯಿಲ್ಲ. ಆಕೆ ಮಿಶನರಿಯ ಹೆಂಡತಿ. ವರದಿಯಲ್ಲಿ ಗಂಡನ ಹೆಸರಿನ ಹಿಂದೆ ನಿಲ್ಲುವವಳು.

ಭಾಷೆಯ ವಿಷಯದಲ್ಲಿ ಈ ಮನೆಗೆ ಒಂದು ವಿಶೇಷವುಂಟು, ಅದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಗಂಡನು ಕಲಿಯುತ್ತಿದ್ದುದು ಪಂಡಿತನ ಕನ್ನಡ. ಹೆಂಡತಿಯು ಕಲಿಯುತ್ತಿದ್ದುದು ಅಡಿಗೆಯವನ, ಆಯಾಳ, ಬಾವಿಕಟ್ಟೆಯ ಕನ್ನಡ. ಮಗುವಾದರೋ ಕಲಿಯುತ್ತಲೇ ಇರಲಿಲ್ಲ. ಆಯಾಳ ಸೊಂಟದಲ್ಲಿ ಕುಳಿತು ಆಡುತ್ತಿದ್ದಿತು. ತಾಯಿತಂದೆಗಳ ಜರ್ಮನ್ ಭಾಷೆಗಿಂತ ಮೊದಲು ಈ ದೇಶದ ಮಾತು ಮಕ್ಕಳ ನಾಲಗೆಗೆ ಬರುತ್ತಿದ್ದುದು ಈ ಕುಟುಂಬಗಳಲ್ಲಿ ಸಾಮಾನ್ಯವಾಗಿದ್ದಿತು. ಅದಕ್ಕಾಗಿ ಹಿರಿಯರು ಹೆಮ್ಮೆಪಡಲಿಲ್ಲ, ಚಿಂತೆಪಟ್ಟರು. ಮಾತಿನೊಡನೆ ಈ ನೆಲದ ನಡೆನುಡಿಗಳೂ ‘ಅನ್ಯಮತ’ದ ಕಥೆಗಳೂ ಮಗುವಿನ ಮನಸ್ಸಿಗೆ ಇಳಿದಾವೆಂಬ ಭಯವು. ಯಾವ ಭಾಷೆಯನ್ನು ಗೆಲ್ಲುವುದಕ್ಕಾಗಿ ತಂದೆಯು ದೀಪದ ಬೆಳಕಿನಲ್ಲಿ ಕಣ್ಣು ಕೆಡಿಸಿಕೊಳ್ಳುತ್ತಿದ್ದನೋ ಅದೇ ಭಾಷೆಯು ಮಗನಿಗೆ ಸುಮ್ಮನೆ ಬಂದಾಗ ಅದು ಅಪಾಯವೆನಿಸಿತು.

ಸಂಸ್ಕೃತ ಪಾಠಶಾಲೆಯಲ್ಲಿ ಅಮರವನ್ನು ಬಾಯಿಪಾಠ ಮಾಡಿದ ನಮ್ಮಂಥವರು ಕಿಟ್ಟೆಲರ ನಿಘಂಟನ್ನು ಮೊದಲು ತೆರೆದಾಗ ಬೆರಗಾಗುವುದು ಅದರ ಗಾತ್ರಕ್ಕಲ್ಲ. ಸುಮಾರು 70,000 ಶಬ್ದಗಳ ಗ್ರಂಥವನ್ನು ಕಂಡು ಬೆರಗಾಗದವರಾರು? ನಮ್ಮ ಬೆರಗು, ಅದರೊಳಗೆ ಗ್ರಾಮ್ಯಕ್ಕೆ ದೊರೆತ ಮರ್ಯಾದೆಗೆ. ಅಮರಸಿಂಹನು ಸ್ವರ್ಗವರ್ಗದಿಂದ ಆರಂಭಿಸುತ್ತಾನೆ. ಕಿಟ್ಟೆಲರು ಪಂಪ ಕೇಶಿರಾಜರ ಪಕ್ಕದಲ್ಲಿಯೇ ಗಾದೆಯನ್ನೂ ಆಡುಮಾತನ್ನೂ ಕೂರಿಸುತ್ತಾರೆ. ಮೈಸೂರಿನ ಬಳಕೆ, ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ಧಾರವಾಡದ ಕಡೆಯ ಬಳಕೆ ಎಂದು ಗುರುತು ಹಾಕುತ್ತಾರೆ. 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಪ್ರಕಟಿಸಿದ ವಿದ್ವಾಂಸನ ಕಿವಿಯು ಹಿತ್ತಿಲಿನ ಕಡೆಗೂ ತೆರೆದಿದ್ದಿತು. ಇದು ಮನೆಯುಳ್ಳವನ ಕಿವಿ. ಸಂನ್ಯಾಸಿಯ ಕೋಶದಲ್ಲಿ ಒರಳು, ಒನಕೆ, ತೊಟ್ಟಿಲುಗಳ ಸಂಸಾರವು ಇಷ್ಟು ಜೀವಂತವಾಗಿ ಬರುತ್ತಿದ್ದಿತೇ ಎಂದು ನಮಗೆ ಸಂದೇಹ. ಆದರೆ ಅವರ ಮನೆಯಲ್ಲಿ ನಡೆದುದೇನು? 1860ರಲ್ಲಿ ಕೈಹಿಡಿದ ಪೌಲೀನಾ ಐತ್ ಕೆಲವೇ ವರ್ಷಗಳಲ್ಲಿ ತೀರಿಕೊಂಡಳು. ಎರಡು ಗಂಡುಮಕ್ಕಳು ತಾಯಿಯಿಲ್ಲದವರಾದರು. ಆಕೆಯ ತಂಗಿಯನ್ನೇ ಅವರು ತರುವಾಯ ಮದುವೆಯಾದರು. 1877ರಲ್ಲಿ ಊರಿಗೆ ಮರಳಿದವರು 1883ರಲ್ಲಿ ನಿಘಂಟಿನ ಕೆಲಸಕ್ಕೆಂದು ಮತ್ತೆ ಬಂದು 1892ರವರೆಗೆ ಇಲ್ಲಿದ್ದರು. ಈ ವಿವರಗಳನ್ನು ನಾವು ಚರಿತ್ರೆಗಾರರಿಂದ ತಿಳಿಯಬೇಕಾಗಿದೆ. ಅವರು ಕನ್ನಡಕ್ಕೆ ಕೊಟ್ಟ ಸಾವಿರಾರು ಪುಟಗಳಲ್ಲಿ ಈ ದುಃಖದ ಉಸಿರು ಎಲ್ಲಿಯೂ ತಾಗುವುದಿಲ್ಲ. ನಿಘಂಟಿನಲ್ಲಿ ತಾಗಬೇಕೆಂದು ಯಾರೂ ಹೇಳಲಾರರು. ಆದರೆ ಪದ್ಯ, ಕಥೆ, ಪತ್ರಿಕೆ, ಉಪದೇಶ ಎಲ್ಲವನ್ನೂ ಕನ್ನಡದಲ್ಲಿ ಬರೆಯಬಲ್ಲವರಾಗಿದ್ದ ಈ ಮಂಡಲಿಯಲ್ಲಿ ಒಬ್ಬರಾದರೂ ತಮ್ಮ ಮನೆಯ ಮಾತನ್ನು ಕನ್ನಡದಲ್ಲಿ ಸಾಹಿತ್ಯವಾಗಿ ಆಡಿ ನಿಲ್ಲಿಸಲಿಲ್ಲ.

ಮೋಗ್ಲಿಂಗರ ಸಂಗತಿಯು ಇನ್ನೂ ವಿಚಾರಾರ್ಹವಾಗಿದೆ. 1836ರಲ್ಲಿ ಬಂದ ಇವರು ಇಪ್ಪತ್ತು ವರ್ಷಗಳಷ್ಟು ಕಾಲ ಒಂಟಿಯಾಗಿದ್ದರು. ಬಲ್ಮಠದಲ್ಲಿ ವಿದ್ಯಾರ್ಥಿಗಳ ಜೊತೆಯಲ್ಲಿಯೇ ವಾಸಮಾಡುತ್ತ, ಅವರ ಬದುಕಿಗೆ ತಮ್ಮ ಬದುಕನ್ನು ಹತ್ತಿರ ತರಲು ಯತ್ನಿಸಿದ ಇವರಲ್ಲಿ ನಮ್ಮ ಜನರಿಗೆ ಸಂನ್ಯಾಸಿಯ ಛಾಯೆಯು ಕಂಡಿರಬೇಕು. ಅವರ ಬಂಧುವೂ ಸಹೋದ್ಯೋಗಿಯೂ ಆದ ಗಾಟ್‌ಫ್ರೀಡ್ ವೈಗ್ಲೆಯವರು ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದು 1855ರಲ್ಲಿ ತೀರಿಕೊಂಡರು. ಹೆಂಡತಿ ಪೌಲೀನಾ ನಾಲ್ಕು ಮಕ್ಕಳೊಡನೆ ಉಳಿದಳು. ಒಂದೆರಡು ವರ್ಷಗಳಲ್ಲಿ ಮೋಗ್ಲಿಂಗರು ಆಕೆಯನ್ನು ಮದುವೆಯಾಗಿ ನಾಲ್ಕು ಮಕ್ಕಳಿಗೆ ತಂದೆಯಾದರು. ಹಿಂದೂ ವಿಧವೆಯರ ಪುನರ್ವಿವಾಹದ ಕಾಯಿದೆಯು ಆಗತಾನೆ, 1856ರಲ್ಲಿ, ಜಾರಿಗೆ ಬಂದಿದ್ದಿತು. ನಮ್ಮ ಅಗ್ರಹಾರಗಳಲ್ಲಿ ಅದರ ಹೆಸರೆತ್ತಿದರೆ ಸಭೆಗಳು ಕೂಡುತ್ತಿದ್ದ ಕಾಲವದು. ಆ ಕಾಲದಲ್ಲಿ ನಡೆದ ಈ ಮದುವೆಯನ್ನು ಕುರಿತು, ಆ ನಾಲ್ಕು ಮಕ್ಕಳು ಹೊಸ ತಂದೆಯನ್ನು ಹೇಗೆ ಕರೆದರೆಂಬುದನ್ನು ಕುರಿತು, ಕನ್ನಡದಲ್ಲಿ ಒಂದು ಪುಟ ಬರೆದಿದ್ದರೆ ಅದು ಹತ್ತು ಸುಬೋಧ ಪ್ರಕರಣಗಳಿಗಿಂತ ದೂರ ಹೋಗುತ್ತಿದ್ದಿತು.

ಏಕೆ ಬರೆಯಲಿಲ್ಲ? ಮಿಶನಿನ ವರದಿಯೆಂಬುದು ಒಂದು ಕಾವ್ಯಪ್ರಭೇದವೆಂದು ಇಟ್ಟುಕೊಂಡರೆ ಉತ್ತರವು ಸುಲಭವಾಗುತ್ತದೆ. ಅದರ ಸಹೃದಯನು ದೂರದ ಊರಿನಲ್ಲಿ ಕಾಣಿಕೆ ಕೊಡುವವನು. ಅವನಿಗೆ ಉತ್ಸಾಹವೆಂಬ ಸ್ಥಾಯಿಭಾವವು ಬೇಕು, ಅಂದರೆ ವೀರರಸವು ಬೇಕು. ಧರ್ಮವೀರನ ಕಥೆಯಲ್ಲಿ ಮನೆಯ ಶೋಕವು ಬಂದರೂ ಅದು ಅಂಗವಾಗಿ ಬಂದು ಅಂಗಿಯಾದ ವೀರವನ್ನು ಪೋಷಿಸಿ ಮರೆಯಾಗಬೇಕು. ಮಗು ಸತ್ತಿತು, ಪ್ರಭುವಿನ ಚಿತ್ತ, ಶಾಲೆಯಲ್ಲಿ ಇಷ್ಟು ಮಂದಿ ಹುಡುಗರು: ಇದು ವರದಿಯ ನಡಿಗೆ. ಇದನ್ನು ಕೃತಕವೆಂದು ಹಳಿಯುವುದು ಸರಿಯಲ್ಲ. ಬರೆದವನ ನಂಬಿಕೆಯು ನಿಜವಾದುದೇ. ಆದರೆ ಕ್ಷೇಮೇಂದ್ರನು ಹೇಳುವ ಔಚಿತ್ಯದ ದೃಷ್ಟಿಯಿಂದ ನೋಡಿದರೆ ಇಲ್ಲಿ ಭಾವಕ್ಕೆ ತಕ್ಕ ಎಡೆಯೇ ಇಲ್ಲ. ಶೋಕವು ಶ್ಲೋಕವಾಗುವ ಮೊದಲೇ ಲೆಕ್ಕದ ಪಟ್ಟಿಯಾಗುತ್ತದೆ. ಹೆಂಡತಿಯರು ತಾಯಿಗೂ ತಂಗಿಗೂ ಬರೆದ ಖಾಸಗಿ ಕಾಗದಗಳ ಸ್ವಭಾವವು ಬೇರೆ. ಅಲ್ಲಿ ಮಳೆಗಾಲದ ಬೂಸಲು, ಹುಳಿಯದ ರೊಟ್ಟಿಯ ಹಿಟ್ಟು, ಮಗುವಿನ ಹಲ್ಲು, ಅಳುವಿನ ರಾತ್ರಿ, ಇಂಥವು ಬರುತ್ತವೆ. ಬರೆದವರಿಗೆ ಸಾಹಿತ್ಯದ ಉದ್ದೇಶವಿಲ್ಲದಿರುವುದರಿಂದಲೇ ಅಲ್ಲಿ ವಿಭಾವಾನುಭಾವಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಅವು ಜರ್ಮನ್ ಭಾಷೆಯಲ್ಲಿ ಉಳಿದುವು. ಊರನ್ನು ಬಾಚಿ ಹೇಳುವ ಕನ್ನಡವು ಗಂಡಂದಿರಿಗೆ ಸೇರಿತು, ಮನೆಯನ್ನು ಹೇಳುವ ಜರ್ಮನ್ ಹೆಂಡಿರ ಪಾಲಾಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಸಂಸಾರಗಳ ಮೇಲೆ ಬಿದ್ದ ಎಲ್ಲ ಭಾರಗಳಲ್ಲಿಯೂ ಹೆಚ್ಚಿನದು ಮಕ್ಕಳ ಅಗಲಿಕೆ. ಮಗುವು ಆರು ವರ್ಷಗಳ ಪ್ರಾಯಕ್ಕೆ ಬರುತ್ತಲೇ ಯುರೋಪಿಗೆ ಕಳುಹಿಸಬೇಕೆಂಬುದು ಸಂಸ್ಥೆಯ ಪದ್ಧತಿಯಾಯಿತು. ಅಂಥ ಮಕ್ಕಳಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಒಂದು ಮನೆಯು ಏರ್ಪಟ್ಟಿತು. ಅಗಲಿಕೆಯು ವರ್ಷ ಎರಡು ವರ್ಷಗಳದಲ್ಲ. ಹತ್ತಾರು ವರ್ಷಗಳದು, ಕೆಲವರಿಗೆ ಕೊನೆಯವರೆಗಿನದು. ಮಗುವು ಆಡಿದ ಭಾಷೆಯು ಆ ಹಡಗಿನಲ್ಲಿಯೇ ಕರಗಿಹೋಗುತ್ತಿದ್ದಿತು.

ಇಲ್ಲಿ ನಮ್ಮ ಕಡೆಯ ಪಂಡಿತರೊಬ್ಬರು ಆಕ್ಷೇಪಿಸಬಹುದು: ಎಂಟನೆಯ ವರ್ಷದಲ್ಲಿ ಉಪನಯನ ಮಾಡಿ ಗುರುಕುಲಕ್ಕೆ ಕಳುಹಿಸಿದವರು ನಾವಲ್ಲವೇ? ಯಜ್ಞವನ್ನು ಕಾಯುವುದಕ್ಕೆ ವಿಶ್ವಾಮಿತ್ರನು ಕೇಳಿದಾಗ ದಶರಥನು ರಾಮನನ್ನು ಕೊಡಲಿಲ್ಲವೇ? ಈ ಲೇಖಕನೂ ಚಿಕ್ಕಂದಿನಲ್ಲಿ ಮನೆಬಿಟ್ಟು ಪಾಠಶಾಲೆಯ ಚಾಪೆಯ ಮೇಲೆ ಮಲಗಿದವನೇ ಆದುದರಿಂದ ಆಕ್ಷೇಪವನ್ನು ಹಗುರವಾಗಿ ತಳ್ಳಲಾರೆವು. ಆದರೆ ಸಾಮ್ಯವು ಅರ್ಧವಷ್ಟೇ. ವಟುವು ಹೋಗುವುದು ತನ್ನ ವಿದ್ಯೆಗಾಗಿ. ಚೌತಿಗೆ ಮನೆಗೆ ಬರುತ್ತಾನೆ, ಅಮ್ಮನ ಕೈಯ ಕಡುಬು ತಿನ್ನುತ್ತಾನೆ. ದಶರಥನು ಕೊಟ್ಟನಾದರೂ ಕೊಡುವ ಮೊದಲು ಮೂರ್ಛೆಹೋದನು, ವಾಲ್ಮೀಕಿಯು ಅದನ್ನು ಮುಚ್ಚಿಡಲಿಲ್ಲ. ಕಾಳಿದಾಸನ ಕಣ್ವನು ಅರಣ್ಯವಾಸಿಯಾದ ವೈರಾಗ್ಯಶಾಲಿ. ಸಾಕಿದ ಮಗಳನ್ನು ಕಳುಹಿಸುವಾಗ ಅವನ ಕೊರಳು ಬಿಗಿಯುತ್ತದೆ, ತನಗೇ ಹೀಗಾದರೆ ಗೃಹಸ್ಥರ ಪಾಡೇನೆಂದು ಅವನು ಯೋಚಿಸುತ್ತಾನೆ. ಮಿಶನರಿಯು ಗೃಹಸ್ಥನು, ಅವನು ಮಾತ್ರ ವೈರಾಗ್ಯಶಾಲಿಯಂತೆ ನಿಂತುಕೊಳ್ಳಬೇಕಾಯಿತು. ನಮ್ಮಲ್ಲಿ ಸಂನ್ಯಾಸಿಯು ತ್ಯಜಿಸುವುದು ತನ್ನದನ್ನು. ಇಲ್ಲಿ ತ್ಯಾಗಮಾಡಿದವನು ತಂದೆ, ತ್ಯಾಗದ ಭಾರವನ್ನು ಹೊತ್ತುದು ಮಗು.

ಉದಾಹರಣೆಗೆ ಗುಂಡರ್ಟರ ಮಗಳು ಮಾರಿ. 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದ ಈಕೆಯನ್ನು ನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ ಯುರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಹಿಂದಿರುಗಿದರು. ಆಕೆ ಮತ್ತೆ ಈ ದೇಶಕ್ಕೆ ಬಂದುದು 1857ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ಅದೇ ವರ್ಷ ಗುಂಡರ್ಟರು ಮಲಬಾರ ಕೆನರಾಗಳ ಶಾಲೆಗಳ ಪರೀಕ್ಷಕರಾಗಿ ನೇಮಕವಾದರು. ಆಗಿನ ಕೆನರಾ ಎಂದರೆ ನಮ್ಮ ಕಾರವಾರದವರೆಗೂ ಹಬ್ಬಿದ ಜಿಲ್ಲೆಯು. ತಂದೆ ಮಗಳು ಹನ್ನೊಂದು ವರ್ಷಗಳ ಮೇಲೆ ಪರಸ್ಪರ ನೋಡಿದಾಗ ಆದುದೇನೆಂಬುದನ್ನು ಊಹಿಸಬೇಕಾದರೆ ಭವಭೂತಿಯ ಉತ್ತರರಾಮಚರಿತದ ಆರನೆಯ ಅಂಕವನ್ನು ನೆನೆದರೆ ಸಾಕು. ಹನ್ನೆರಡು ವರ್ಷಗಳ ಮೇಲೆ ಎದುರಿಗೆ ನಿಂತ ಕುಶಲವರನ್ನು ರಾಮನು ಗುರುತಿಸಲಾರನು, ಮೈಮಾತ್ರ ಗುರುತಿಸುತ್ತದೆ. ಲೋಕಾರಾಧನೆಗಾಗಿ ಮನೆಯನ್ನು ಬಲಿಗೊಟ್ಟವನ ದುಃಖವು ಭವಭೂತಿಗೆ ದೊರೆತ ವಸ್ತು, ಮಿಶನರಿಗೂ ಅದೇ ವಸ್ತುವು ಕೈಯಲ್ಲಿತ್ತು. ಮಾರಿಯು 1865ರಲ್ಲಿ ಚಾರ್ಲ್ಸ್ ಈಸೆನ್‌ಬರ್ಗ್ ಎಂಬ ಮಿಶನರಿಯನ್ನು ವರಿಸಿ ಸಿಂಧದ ಹೈದರಾಬಾದಿನಲ್ಲಿ ತಾನೂ ಅಂಥದೇ ಮನೆ ಹೂಡಿದಳು, 1870ರಲ್ಲಿ ವಿಧವೆಯಾದಳು, 1874ರಲ್ಲಿ, ದಕ್ಷಿಣ ಭಾರತದಲ್ಲಿ ಕೆಲವು ವರ್ಷ ಮಿಶನರಿಯಾಗಿದ್ದು ಮರಳಿದ ಯೋಹಾನ್ನೆಸ್ ಹೆಸ್ಸೆಯವರನ್ನು ಮದುವೆಯಾದಳು. ಆಕೆ ತೀರಿದ ಬಹಳ ವರ್ಷಗಳ ಮೇಲೆ, 1934ರಲ್ಲಿ, ಆಕೆಯ ಕಾಗದಗಳನ್ನೂ ದಿನಚರಿಗಳನ್ನೂ ಸೇರಿಸಿದ ಜೀವನಚಿತ್ರವು ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಮಿಶನರಿಯ ಮನೆಯನ್ನು ಒಳಗಿನಿಂದ ತೋರಿಸುವ ಗ್ರಂಥಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವುಂಟು. ಈ ಕರಾವಳಿಯಲ್ಲಿ ಹುಟ್ಟಿದ ಹೆಣ್ಣಿನ ಚರಿತ್ರೆಯಾದರೂ ಇದನ್ನು ನಮ್ಮಲ್ಲಿ ನೆನೆಯುವುದು ಆಕೆಯ ಮಗನ ಹೆಸರಿನಿಂದ ಮಾತ್ರ.

ಆ ಮಗನನ್ನು ಕುರಿತು ಹೇಳುವ ಮೊದಲು ಕಾರವಾರದ ಕಡಲತೀರಕ್ಕೆ ಒಮ್ಮೆ ಮರಳಬೇಕು. ಅಲ್ಲಿ ರಚಿತವಾದ ಒಂದು ಕೃತಿಯು ನಮ್ಮ ವಿಷಯಕ್ಕೆ ಒರೆಗಲ್ಲಾಗಿದೆ. 1883ರಲ್ಲಿ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರ ತಮ್ಮ, ಇಪ್ಪತ್ತೆರಡು ವರ್ಷದ ರವೀಂದ್ರನಾಥರು, ಅಣ್ಣನ ಮನೆಯಲ್ಲಿ ಬಂದು ನಿಂತರು. ಅದೂ ಉದ್ಯೋಗಕ್ಕಾಗಿ ಪರಸ್ಥಳಕ್ಕೆ ಬಂದ ಸಂಸಾರವೇ. ಅತ್ತಿಗೆ ಜ್ಞಾನದಾನಂದಿನಿಯವರು 1877ರಲ್ಲಿ ಗಂಡನ ಜೊತೆಯಿಲ್ಲದೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ ದಿಟ್ಟೆ. ರವೀಂದ್ರರ ಆತ್ಮಕಥೆಯಲ್ಲಿ ಕಾರವಾರದ ಅರ್ಧಚಂದ್ರಾಕಾರದ ತೀರವೂ ಗಾಳಿಮರಗಳೂ ಕಾಳಿ ನದಿಯ ಬೆಳುದಿಂಗಳ ದೋಣಿಯಾನವೂ ಬರುತ್ತವೆ. ಇಲ್ಲಿಯೇ ಅವರು ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಎಲ್ಲ ಬಂಧನಗಳನ್ನೂ ಹರಿದುಕೊಂಡೆನೆಂದು ಗರ್ವಿಸಿದ ಸಂನ್ಯಾಸಿಯೊಬ್ಬನು ದಿಕ್ಕಿಲ್ಲದ ಹುಡುಗಿಯೊಬ್ಬಳ ಮಮತೆಗೆ ಸಿಲುಕುತ್ತಾನೆ. ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಬಿಡಲಾರದೆ ಹಿಂದಿರುಗುವಾಗ ಹುಡುಗಿ ಸತ್ತಿರುತ್ತಾಳೆ. ಎಳೆಯ ಕವಿಯ ಕೃತಿಯಾದುದರಿಂದ ಸಂಭಾಷಣೆಗಳಲ್ಲಿ ಉಪದೇಶವು ಹೆಚ್ಚು, ಪಾತ್ರಗಳಲ್ಲಿ ರಕ್ತಮಾಂಸವು ಕಡಮೆ. ಆದರೂ ಅದರ ಕೇಂದ್ರವು ಸರಿಯಾದ ಕಡೆಯಲ್ಲಿದೆ. ವೈರಾಗ್ಯದ ಬೆಲೆಯನ್ನು ತೆತ್ತವರು ಯಾರೆಂದು ಅದು ಕೇಳುತ್ತದೆ, ಮಗುವಿನ ಶವವನ್ನು ತೋರಿಸುತ್ತದೆ. ಇದೇ ಕರಾವಳಿಯಲ್ಲಿ ಐವತ್ತು ವರ್ಷಗಳಿಂದ ಮಕ್ಕಳನ್ನು ಹಡಗಿಗೆ ಹತ್ತಿಸುತ್ತಿದ್ದ ಮನೆಗಳ ಸಾಹಿತ್ಯವು ಕೇಳಬೇಕಾಗಿದ್ದ ಪ್ರಶ್ನೆಯ ಸ್ವರೂಪವು ಅದುವೇ. ರವೀಂದ್ರರು ಆ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದರೆಂದು ನಾವು ಹೇಳುತ್ತಿಲ್ಲ. ಕವಿಗೆ ಹೊಳೆಯುವುದು ವರದಿಗಾರನಿಗೆ ಹೊಳೆಯಲಿಲ್ಲವೆಂದಷ್ಟೇ ನಮ್ಮ ಮಾತು.

ಮಾರಿಯ ಮಗನೇ ಹೆರ್ಮನ್ ಹೆಸ್ಸೆ. 1877ರಲ್ಲಿ ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ ಹುಟ್ಟಿದವನು. ಅವನ ‘ಸಿದ್ಧಾರ್ಥ’ವನ್ನು (1922) ನಮ್ಮಲ್ಲಿ ಬುದ್ಧತತ್ತ್ವದ ಗ್ರಂಥವೆಂದೂ ಭಾರತದ ಸ್ತುತಿಯೆಂದೂ ಓದುವುದು ವಾಡಿಕೆ. ನಮಗೆ ಅದರಲ್ಲಿ ಬಹಳ ನಿಜವೆನಿಸುವ ಭಾಗವು ತತ್ತ್ವದ್ದಲ್ಲ. ತಂದೆಯನ್ನು ಬಿಟ್ಟು ಶ್ರಮಣನಾಗಿ ಹೋದ ಸಿದ್ಧಾರ್ಥನು ಮುಂದೆ ದೋಣಿಗಾರನ ಗುಡಿಸಲಿನಲ್ಲಿ ತನ್ನ ಮಗನನ್ನು ಪಡೆಯುತ್ತಾನೆ. ಆ ಹುಡುಗನು ಅವನನ್ನು ದ್ವೇಷಿಸಿ ಓಡಿಹೋಗುತ್ತಾನೆ. ಆಗ ಹುಟ್ಟುವ ಗಾಯವನ್ನು ಯಾವ ಧ್ಯಾನವೂ ಬೇಗ ಮಾಯಿಸದು. ಕಾರವಾರದ ನಾಟಕದ ಸಂನ್ಯಾಸಿಯೂ ಈ ದೋಣಿಗಾರನೂ ಒಂದೇ ಶಿಲೆಗೆ ಎಡವಿದವರು. ನಾಲ್ಕು ವರ್ಷದ ಹುಡುಗಿಯಾಗಿ ಬೇರೆಯವರ ಮನೆಯಲ್ಲಿ ಉಳಿದ ತಾಯಿಯ ಮಗನು ಈ ಅಧ್ಯಾಯವನ್ನು ಬರೆದನೆಂಬುದನ್ನು ಬದಿಗಿಟ್ಟು ಅದನ್ನು ಬರಿಯ ವೇದಾಂತವಾಗಿ ವ್ಯಾಖ್ಯಾನಿಸುವವರು ಅರ್ಧ ಅರ್ಥವನ್ನೇ ಬಿಟ್ಟುಕೊಟ್ಟಂತೆ. ಮಿಶನಿನ ಮನೆಯ ಕರುಣರಸವು ಮೂರನೆಯ ತಲೆಮಾರಿನಲ್ಲಿ, ಮಿಶನನ್ನು ಬಿಟ್ಟವನ ಕೈಯಲ್ಲಿ, ಹಿಂದೂ ವೇಷವನ್ನು ಧರಿಸಿ ಹೊರಬಿದ್ದಿತು.

ಮೌನದ ಹೊಣೆಯೆಲ್ಲ ಮಿಶನರಿಗಳದೇ ಎನ್ನುವುದೂ ನ್ಯಾಯವಲ್ಲ. ನಮ್ಮ ಲೇಖಕರಿಗೂ ಪಾದ್ರಿಯ ಮನೆಯ ಬಾಗಿಲು ಹಾಕಿಯೇ ಇದ್ದಿತು. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಮಿಶನು ಚೋಮನ ಬಾಳನ್ನು ಎರಡು ಕಡೆಗಳಿಂದ ಮುಟ್ಟುತ್ತದೆ. ಮತಕ್ಕೆ ಸೇರಿದರೆ ಭೂಮಿಯೆಂಬ ಆಸೆಯಾಗಿ ಒಮ್ಮೆ, ಮಗನನ್ನು ಸೆಳೆದುಕೊಳ್ಳುವ ಸಂಸಾರವಾಗಿ ಮತ್ತೊಮ್ಮೆ. ಚೋಮನ ಗುಡಿಸಲಿನ ಒಳಗನ್ನು ಅಷ್ಟು ಕರುಣೆಯಿಂದ ಬಲ್ಲ ಕಾದಂಬರಿಕಾರರಿಗೆ ಪಾದ್ರಿಯು ಹೊರಗಿನ ಶಕ್ತಿಯಷ್ಟೇ ಆಗಿದ್ದುದು ಆ ಕೃತಿಯ ಮಟ್ಟಿಗೆ ಉಚಿತವೇ. ಚೋಮನ ಕಣ್ಣಿಗೆ ಅವನು ಹಾಗೆಯೇ ಕಾಣತಕ್ಕದ್ದು. ಆದರೆ ಮಗನನ್ನು ಮಿಶನಿಗೆ ಕಳೆದುಕೊಂಡ ಚೋಮನೂ, ಮಿಶನಿಗಾಗಿ ಮಗನನ್ನು ಕಳೆದುಕೊಂಡ ಪಾದ್ರಿಯೂ ಒಂದೇ ಜಿಲ್ಲೆಯಲ್ಲಿದ್ದರೆಂಬ ನೋಟವು ಕನ್ನಡ ಕಾದಂಬರಿಗೆ ಬೇಕಾಗಿದ್ದಿತು. ಅದನ್ನು ಬರೆಯಲು ಪಾದ್ರಿಯ ಮತವನ್ನು ಒಪ್ಪಬೇಕಾಗಿರಲಿಲ್ಲ, ಆ ಮತದಲ್ಲಿ ನಮಗೂ ಒಪ್ಪಿಗೆಯಿಲ್ಲ.

ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲ ಹೆಂಗಸರನ್ನು ಇಲ್ಲಿ ನೆನೆಯಬೇಕು. ಬಡಗೇರಿಯ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡವರು, ನೂರಾರು ಹಾಡುಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದರು. ಮದುವೆ, ಮಗು, ಬೀಸುವ ಕಲ್ಲು, ಹೆಣ್ಣನ್ನು ಗಂಡನ ಮನೆಗೆ ಒಪ್ಪಿಸುವ ಹೊತ್ತು, ಹೀಗೆ ಮನೆಯ ಒಂದೊಂದು ಸಂಧಿಗೂ ಆ ಹೆಂಗಸರಲ್ಲಿ ಒಂದೊಂದು ಹಾಡು. ಓದುಬರಹವಿಲ್ಲದವರಿಗೆ ಇದ್ದ ಈ ಸೌಕರ್ಯವು ಓದುಬರಹವನ್ನು ಕಲಿಸಲು ಬಂದ ಪಾದ್ರಿಯ ಹೆಂಡತಿಗೆ ಇರಲಿಲ್ಲ. ಮಗನನ್ನು ಹಡಗಿಗೆ ಒಪ್ಪಿಸುವಾಗ ಹಾಡತಕ್ಕ ಹಾಡು ಯಾವ ಕೀರ್ತನೆಯ ಪುಸ್ತಕದಲ್ಲಿಯೂ ಇರಲಾರದು. ಇದ್ದುವೆಲ್ಲ ಪ್ರಭುವಿನ ಇಚ್ಛೆಯನ್ನು ಕೊಂಡಾಡುವುವು. ಪಕ್ಕದಲ್ಲಿ ನಿಂತ ಆಯಾಳಿಗೆ ಅಂಥ ಹಾಡು ಬಂದಿರಬಹುದು. ಆ ಮಗುವನ್ನು ಸೊಂಟದಲ್ಲಿ ಹೊತ್ತು ಮಾತು ಕಲಿಸಿದ ಅವಳ ದುಃಖವನ್ನು ಎರಡು ಭಾಷೆಗಳಲ್ಲಿ ಒಂದಾದರೂ ಬರೆದಿಟ್ಟುದಿಲ್ಲ.

ಬಾಸೆಲಿನ ದಫ್ತರಖಾನೆಯಲ್ಲಿ ಮಿಶನಿನ ಕಾಗದಗಳೂ ಛಾಯಾಚಿತ್ರಗಳೂ ಜೋಪಾನವಾಗಿವೆ. ಗಂಡಸರ ಬರಹಗಳನ್ನು ಶೋಧಿಸಿ ನಮ್ಮವರು ಗ್ರಂಥಗಳನ್ನು ಬರೆದಿದ್ದಾರೆ. ಹೆಂಗಸರ ಕಾಗದಗಳಲ್ಲಿ ಮಂಗಳೂರು, ಧಾರವಾಡ, ಕೊಡಗುಗಳಿಂದ ಹೋದವನ್ನು ಆರಿಸಿ ಕನ್ನಡಕ್ಕೆ ತರುವ ಕೆಲಸವನ್ನು ಜರ್ಮನ್ ಬಲ್ಲ ತರುಣ ವಿದ್ವಾಂಸರು ಕೈಕೊಳ್ಳತಕ್ಕದ್ದು. ಕೈಕೊಂಡವರಿಗೆ ನಮ್ಮದೊಂದು ಸೂಚನೆ. ಜರ್ಮನ್ ವಾಕ್ಯಗಳ ನಡುವೆ ಈ ಕರಾವಳಿಯ ತಿಂಡಿ, ಪಾತ್ರೆ, ಮರ, ಮಳೆ, ಆಳುಕಾಳುಗಳ ಹೆಸರು ಬಂದ ಕಡೆಗಳಲ್ಲಿ ಅದನ್ನು ತಿದ್ದಿ ಗ್ರಾಂಥಿಕವಾಗಿಸದೆ, ಆಕೆ ಕೇಳಿದಂತೆ, ಕೇಳಿ ತಪ್ಪಾಗಿ ಬರೆದಂತೆಯೇ, ಉಳಿಸಬೇಕು.